ಫೋನಿನಿಂದ ಕಂಪ್ಯೂಟರಿಗೆ ಅಪ್ಪಣೆ: ಕೇಳಿದವರಿಗೆಲ್ಲ ಒಂದೇ ಉತ್ತರ



ಹೋದ ವಾರ ನಮ್ಮ ತಾಲೂಕಿನ ಪಿಟಿಸಿಎಲ್ ಅರ್ಜಿಗಳ ಬಗ್ಗೆ ಬರೆಯುವಾಗ, "ಮಾನಿಟರ್ ಸತ್ತರೂ ಫೋನಿನಿಂದಲೇ ಫೈಲ್ ಸೇವ್ ಮಾಡಿದ್ವಿ" ಅಂತ ಒಂದು ಸಾಲು ಸೇರಿಸಿದ್ದೆ. ಅರ್ಜಿಗಳ ಬಗ್ಗೆ ಕೇಳಿದವರು ನಾಲ್ಕೈದು ಜನ. ಆ ಒಂದು ಸಾಲಿನ ಬಗ್ಗೆ ಇನ್‌ಬಾಕ್ಸಿಗೆ ಬಂದವರು ಎಣಿಸಕ್ಕಾಗದಷ್ಟು. "ಅಣ್ಣ ಹ್ಯಾಕಿಂಗ್ ಕಲ್ತಿದ್ದೀರಾ" ಅಂತ ಒಬ್ಬ ಹುಡುಗ. "ನಮ್ಮ ಹಾಸ್ಟೆಲಿನ ಕಂಪ್ಯೂಟರಿಗೂ ಹಂಗೇ ಮಾಡಬಹುದಾ" ಅಂತ ಇನ್ನೊಬ್ಬಳು. ಹ್ಯಾಕಿಂಗೂ ಅಲ್ಲ, ಮಂತ್ರವೂ ಅಲ್ಲ. ಬಿಎ ಓದಿ ಗುಮಾಸ್ತಿಕೆ ಮಾಡೋನಿಗೆ ಬಂದದ್ದು ನಿಮಗೂ ಬರುತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದಲು ಇಲ್ಲೇ ಬರೆದುಬಿಡ್ತೀನಿ, ಉದ್ದ ಆದ್ರೆ ಸಹಿಸ್ಕೊಳ್ಳಿ. ಕಮಾಂಡುಗಳ ಹೆಸರನ್ನ ಕನ್ನಡದಲ್ಲೇ ಬರೀತೀನಿ, ಓದೋಕೆ ಹೆದರಿಕೆ ಆಗಬಾರದು ಅಂತ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬೇಕು. ಸ್ಪೆಲಿಂಗ್ ಬೇಕಾದವರು ಕೇಳಿ, ಕಳಿಸ್ತೀನಿ.

ಮೊದಲು, ಸಂಘಕ್ಕೆ ಸ್ವಂತ ಕಂಪ್ಯೂಟರ್ ಯಾಕೆ ಬೇಕಾಯ್ತು ಅಂತ ಹೇಳಬೇಕು. ತಾಲೂಕು ಕಚೇರಿ ಅಕ್ಕಪಕ್ಕ ಇರೋ ಡಿಟಿಪಿ ಅಂಗಡಿಗಳು ನಿಮಗೆಲ್ಲ ಗೊತ್ತು. ನಮ್ಮ ಕೇರಿಯ ಹಿರೀಕರು ಅಲ್ಲಿ ಸಾಲಲ್ಲಿ ನಿಂತು, ತಮ್ಮ ಜಮೀನಿನ ಕಥೆನ ಹತ್ತು ಜನರ ಎದುರಿಗೆ ಹೇಳಿ, ಪುಟಕ್ಕಿಷ್ಟು ಅಂತ ದುಡ್ಡು ಕೊಟ್ಟು ಅರ್ಜಿ ಬರೆಸಿಕೊಂಡು ಬರ್ತಿದ್ರು. ಒಂದು ಸಲ ಹಿಂಗೇ ಬರೆಸಿದ ಅರ್ಜಿ ಕಚೇರಿಯ ಟಪ್ಪಾಲಿಗೆ ಬೀಳೋ ಮೊದಲೇ, ಅದೇ ಸಂಜೆ, ಜಮೀನು ಅನುಭವಿಸ್ತಿದ್ದವರು ಅರ್ಜಿದಾರರ ಮನೆ ಬಾಗಿಲಿಗೆ ಬಂದಿದ್ರು. ಕೈಯಲ್ಲಿ ಅರ್ಜಿಯ ಜೆರಾಕ್ಸು! ಅವತ್ತೇ ತೀರ್ಮಾನ ಮಾಡಿದ್ವಿ, ನಮ್ಮ ಅರ್ಜಿ ನಮ್ಮ ಕೋಣೆಯಲ್ಲೇ ಟೈಪಾಗಬೇಕು ಅಂತ. ಯಾರೋ ಬದಲಾಯಿಸಿ ಬಿಸಾಕಿದ ಹಳೇ ಸಿಪಿಯು, ಇನ್ಯಾರದೋ ಮಾನಿಟರ್, ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಸೇರಿಸಿದ್ವಿ. ಲೈಸೆನ್ಸಿಗೆ ಕೊಡೋಕೆ ದುಡ್ಡಿರಲಿಲ್ಲ, ಕದ್ದು ಹಾಕೋಕೆ ಮನಸ್ಸಿರಲಿಲ್ಲ. ಲುಬುಂಟು ಹಾಕಿ, ಬರೆಯೋಕೆ ಲಿಬ್ರೆಆಫೀಸ್ ಇಟ್ಕೊಂಡ್ವಿ. ಎರಡೂ ಬಿಟ್ಟಿ, ಎರಡೂ ಕಾನೂನುಬದ್ಧ.

ಈಗ ವಿಷಯಕ್ಕೆ. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತೆರೆದಿದೆ ಅಂದ್ರೆ ನಮಗೆ ಕಾಣೋದು ಅದರ ಕಿಟಕಿ ಮಾತ್ರ. ಮೌಸ್ ಹಿಡಿದು ಆ ಕಿಟಕಿ ಮುಂದೆ ಕೂತವರು ಮಾತ್ರ ಅದಕ್ಕೆ ಕೆಲಸ ಹೇಳಬಹುದು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಹಂಗಿಲ್ಲ. ಬಹಳಷ್ಟು ಪ್ರೋಗ್ರಾಮುಗಳಿಗೆ ಇನ್ನೊಂದು ಬಾಗಿಲಿರುತ್ತೆ. ಆ ಬಾಗಿಲಲ್ಲಿ ಚಿತ್ರ ಇಲ್ಲ, ಬಟನ್ ಇಲ್ಲ, ಬರೀ ಮಾತು. ಕಪ್ಪು ಪರದೆಯ ಟರ್ಮಿನಲ್ ತೆರೆದು ಒಂದು ಸಾಲು ಬರೆದು ಎಂಟರ್ ಒತ್ತಿದ್ರೆ ಆ ಮಾತು ಒಳಗೆ ಹೋಗುತ್ತೆ.

ಲಿಬ್ರೆಆಫೀಸಿನದ್ದೇ ಉದಾಹರಣೆ ತಗೊಳ್ಳಿ. ಟರ್ಮಿನಲಲ್ಲಿ ಅದರ ಹೆಸರು ಎಸ್‌ಆಫೀಸ್. ಎಸ್ ಯಾಕೆ ಅಂದ್ರೆ, ಇದರ ಮೂಲ ಸ್ಟಾರ್‌ಆಫೀಸ್ ಅನ್ನೋ ಜರ್ಮನಿಯ ಕಂಪನಿಯ ಪ್ರೋಗ್ರಾಮು. 1999ರಲ್ಲಿ ಸನ್ ಕಂಪನಿ ಅದನ್ನ ಕೊಂಡುಕೊಳ್ತು, ಅದರಿಂದ ಓಪನ್‌ಆಫೀಸ್ ಆಯ್ತು, 2010ರಲ್ಲಿ ಅದರಿಂದ ಸಿಡಿದು ಲಿಬ್ರೆಆಫೀಸ್ ಆಯ್ತು. ಎರಡು ಸಲ ಹೆಸರು ಬದಲಾದ್ರೂ ಒಳಗಿನ ಕರೆಯೋ ಹೆಸರು ಮಾತ್ರ ಹಳೇದೇ. ನಮ್ಮ ಊರುಗಳಲ್ಲಿ ಬಡಾವಣೆಗೆ ಎಷ್ಟು ಒಳ್ಳೇ ಹೆಸರಿಟ್ರೂ ಜನ ಹಳೇ ಹೆಸರಲ್ಲೇ ಕರೀತಾರಲ್ಲ, ಹಂಗೆ.

ಒಂದು ಲಿಬ್ರೆಆಫೀಸ್ ಆಗಲೇ ತೆರೆದಿದೆ ಅನ್ನಿ. ಹುಡುಗಿ ಒಬ್ಬಳು ಏನೋ ಟೈಪ್ ಮಾಡ್ತಾ ಕೂತಿದ್ದಾಳೆ. ನಾನು ಬೇರೆ ಕಡೆಯಿಂದ ಎಸ್‌ಆಫೀಸ್, ಮೈನಸ್ ಪಿ, ಫೈಲಿನ ಹೆಸರು ಅಂತ ಬರೆದು ಎಂಟರ್ ಒತ್ತಿದೆ. ಆಗ ಎರಡನೇ ಲಿಬ್ರೆಆಫೀಸ್ ಏಳಲ್ಲ. ನನ್ನ ಕಮಾಂಡು ಹೋಗಿ ನೋಡುತ್ತೆ: ಇದೇ ಬಳಕೆದಾರರ ಹೆಸರಲ್ಲಿ ಒಬ್ಬ ಆಗಲೇ ಒಳಗೆ ಕೂತಿದ್ದಾನಾ? ಕೂತಿದ್ರೆ, ಟೆಂಪ್ ಫೋಲ್ಡರಿನಲ್ಲಿರೋ ಒಂದು ಪೈಪಿನ ಮೂಲಕ, "ಈ ಫೈಲು ಪ್ರಿಂಟ್ ಹಾಕಬೇಕಂತೆ" ಅನ್ನೋ ಚೀಟಿ ಒಳಕ್ಕೆ ತಳ್ಳಿ ತಾನು ಹೊರಟುಹೋಗುತ್ತೆ. ಒಳಗಿದ್ದವನು ಆ ಫೈಲನ್ನ ಪರದೆ ಮೇಲೆ ತೋರಿಸದೇನೇ ಪ್ರಿಂಟರಿಗೆ ಕಳಿಸ್ತಾನೆ. ಹುಡುಗಿಯ ಟೈಪಿಂಗಿಗೆ ತೊಂದರೆ ಇಲ್ಲ.

ಇದನ್ನ ಮೊದಲ ಸಲ ತಿಳ್ಕೊಂಡಾಗ ನನಗೆ ನೆನಪಾದದ್ದು ಚಾವಡಿ. ಒಳಗೆ ಪಟೇಲ, ಶಾನುಭೋಗ. ಹೊರಗೆ ಬಾಗಿಲಲ್ಲಿ ತೋಟಿ. ಹೇಳಿದ್ದನ್ನ ತಲುಪಿಸಿ ಹಿಂದಕ್ಕೆ ಹೋಗಬೇಕು, ಹೊಸ್ತಿಲು ದಾಟೋ ಹಂಗಿಲ್ಲ. ಕಂಪ್ಯೂಟರಿನೊಳಗೂ ಒಬ್ಬ ತೋಟಿ ಇದ್ದಾನಲ್ಲಪ್ಪ ಅಂತ ನಗು ಬಂತು. ವ್ಯತ್ಯಾಸ ಏನು ಅಂದ್ರೆ ಇಲ್ಲಿ ಚೀಟಿ ಬರೆದವರು ನಾವು, ಒಳಗೆ ಕೂತವನು ಮಾಡಲೇಬೇಕು.

ಹಂಗಂತ ಈ ಬಾಗಿಲು ಯಾವಾಗಲೂ ನೆಟ್ಟಗಿರಲ್ಲ. ಒಂದು ಫೋಲ್ಡರಿನ ಎಲ್ಲಾ ಅರ್ಜಿಗಳನ್ನ ಒಟ್ಟಿಗೆ ಪಿಡಿಎಫ್ ಮಾಡೋಕೆ ಎಸ್‌ಆಫೀಸ್ ಹೆಡ್‌ಲೆಸ್ ಕನ್ವರ್ಟ್‌ಟು ಪಿಡಿಎಫ್ ಅನ್ನೋ ಕಮಾಂಡಿದೆ. ಹೆಡ್‌ಲೆಸ್ ಅಂದ್ರೆ ಕಿಟಕಿ ತೆರೆಯದೆ ಕೆಲಸ ಮಾಡು ಅಂತ. ನಲವತ್ತು ಫೈಲನ್ನ ಒಂದೊಂದೇ ತೆರೆದು ಎಕ್ಸ್‌ಪೋರ್ಟ್ ಮಾಡೋ ಜಾಗದಲ್ಲಿ ಒಂದು ಸಾಲು. ಆದ್ರೆ ಹಳೇ ವರ್ಷನ್ನುಗಳಲ್ಲಿ, ಲಿಬ್ರೆಆಫೀಸ್ ಆಗಲೇ ತೆರೆದಿದ್ರೆ, ಈ ಕಮಾಂಡು ಸುಮ್ನೆ ವಾಪಸ್ ಬರ್ತಿತ್ತು. ಪಿಡಿಎಫ್ಫೂ ಇಲ್ಲ, ಆಗಲಿಲ್ಲ ಅಂತ ಒಂದು ಮಾತೂ ಇಲ್ಲ. ಅದಕ್ಕೆ ಉಪಾಯ, ಯೂಸರ್‌ಇನ್‌ಸ್ಟಲೇಶನ್ ಅಂತ ಒಂದು ಬೇರೆ ಫೋಲ್ಡರ್ ತೋರಿಸಿ ಪ್ರತ್ಯೇಕ ಲಿಬ್ರೆಆಫೀಸನ್ನೇ ಎಬ್ಬಿಸೋದು. ಕೆಲಸ ಆಯ್ತೋ ಇಲ್ವೋ ಅಂತ ಫೋಲ್ಡರ್ ತೆಗೆದು ಕಣ್ಣಾರೆ ನೋಡೋ ಅಭ್ಯಾಸ ನನಗೆ ಬಂದದ್ದು ಇದರಿಂದ. ಕಚೇರಿಯಲ್ಲಿ ಕೆಲಸ ಮಾಡೋರಿಗೆ ಈ ಅಭ್ಯಾಸ ಹೊಸದಲ್ಲ ಬಿಡಿ.

ಈಗ ಆ ರಾತ್ರಿ ಬಗ್ಗೆ.

ನಿಮಗೆ ಗೊತ್ತಿರೋ ಹಾಗೆ 1978ರ ಪಿಟಿಸಿಎಲ್ ಕಾಯ್ದೆ, ಅಂದ್ರೆ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆ ನಿಷೇಧಿಸೋ ಕಾಯ್ದೆ, 1979ರ ಜನವರಿ 1ರಿಂದ ಜಾರಿಯಲ್ಲಿದೆ. ಮಂಜೂರಾತಿ ಷರತ್ತು ಮೀರಿ ಮಾರಿದ್ರೆ, ಅಥವಾ ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ರೆ, ಆ ಕ್ರಯ ಊರ್ಜಿತ ಅಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ, ಅಲ್ಲಿ ಸೋತ್ರೆ ಜಿಲ್ಲಾಧಿಕಾರಿಗೆ ಮೇಲ್ಮನವಿ. "ಇಷ್ಟು ವರ್ಷ ಏನ್ ಮಾಡ್ತಿದ್ರಿ" ಅಂತ ಕೇಳಿ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಮ್ಮ ಎಷ್ಟೋ ಅರ್ಜಿಗಳು ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಬಿದ್ದುಹೋದವು. ಹೋರಾಟ ಮಾಡಿ 2023ರಲ್ಲಿ ತಿದ್ದುಪಡಿ ತಂದದ್ದು ಅದಕ್ಕೇ. ಆಮೇಲೂ ಕೋರ್ಟುಗಳಲ್ಲಿ ವಾದ ನಿಂತಿಲ್ಲ, ಅದು ಬೇರೆ ಪೋಸ್ಟಿನ ವಿಷಯ. ಒಂದು ಮಾತು ಮಾತ್ರ ಇಲ್ಲೇ ಹೇಳಿಬಿಡ್ತೀನಿ, ತುಂಬಾ ಜನ ಕೇಳ್ತೀರಿ: ತೋಟಿ ತಳವಾರಿಕೆ ಇನಾಮಿನ ಜಮೀನು ಈ ಕಾಯ್ದೆಯ ವ್ಯಾಖ್ಯಾನದೊಳಗೆ ಬರಲ್ಲ, ವಂಶಪಾರಂಪರ್ಯ ಹುದ್ದೆಗೆ ಸೇರಿದ್ದನ್ನ ಹೊರಗಿಟ್ಟಿದ್ದಾರೆ. ಸಾಗುವಳಿ ಚೀಟಿ ತಂದಾಗ ಮೊದಲು ಅದು ಯಾವ ತರದ ಜಮೀನು ಅಂತ ನೋಡಿ.

ತಡ ಯಾಕಾಯ್ತು ಅನ್ನೋದನ್ನ ಪ್ರತಿಯೊಂದು ಕುಟುಂಬದ ಬಾಯಲ್ಲೇ ಹೇಳಿಸಿ ಬರೆಸಬೇಕು ಅಂತ ನಮ್ಮ ವಕೀಲರು ಹೇಳಿದ್ರು. ಹಂಗಾಗಿ ಅವತ್ತು ಮೂರು ಊರುಗಳಿಂದ ಹನ್ನೊಂದು ಮನೆಯವರು ಬಂದಿದ್ರು. ಎಲ್ಲಾ ಕೂಲಿ ಬಿಟ್ಟು ಬಂದವರು. ಒಬ್ಬರು ತಾತನಿಗೆ ಉಬ್ಬಸ, ನಾಲ್ಕು ಮಾತಿಗೊಂದು ಸಲ ನಿಲ್ಲಿಸಬೇಕು. ಒಬ್ಬ ಅವ್ವ, ಗಂಡ ಹೆಬ್ಬೆಟ್ಟು ಒತ್ತಿದ್ದು ಭೋಗ್ಯಕ್ಕೆ ಅಂತಲೇ ಇಷ್ಟು ವರ್ಷ ನಂಬಿದ್ದವರು. ಪಹಣಿ ತೆಗೆಸಿದ ಮೇಲೇ ಅದು ಕ್ರಯ ಆಗಿದೆ ಅಂತ ಗೊತ್ತಾದದ್ದು. ನಮ್ಮ ಸಂಘದ ಹುಡುಗಿ, ಡಿಗ್ರಿ ಎರಡನೇ ವರ್ಷ, ಅವರು ಹೇಳಿದ ಹಾಗೇ ಟೈಪ್ ಮಾಡ್ತಾ ಕೂತಳು. ಸಂಜೆ ಆರರಿಂದ ಒಂಬತ್ತರ ತನಕ. ಆ ಅವ್ವ ಹೇಳ್ತಾ ಅತ್ತಾಗ ಇವಳೂ ಅತ್ತುಕೊಂಡೇ ಟೈಪ್ ಮಾಡಿದ್ಲು. ಹಂಗೆ ಕಥೆ ಕೇಳ್ತಾ ಕೂತ ಕೈಗೆ ಸೇವ್ ನೆನಪಾಗಲ್ಲ. ತನ್ನಷ್ಟಕ್ಕೆ ಉಳಿಸಿಕೊಳ್ಳೋ ವ್ಯವಸ್ಥೆ ಲಿಬ್ರೆಆಫೀಸಲ್ಲೇ ಇದೆಯಲ್ಲ ಅಂತೀರಿ. ಇದೆ. ಅದು ಉಳಿಸುವಾಗೆಲ್ಲ ಹಳೇ ಮಷೀನು ಗಕ್ಕನೆ ನಿಂತುಬಿಡುತ್ತೆ ಅಂತ ಹುಡುಗರು ಯಾವತ್ತೋ ಅದನ್ನ ಆಫ್ ಮಾಡಿಟ್ಟಿದ್ರು.

ಒಂಬತ್ತು ಹತ್ತಕ್ಕೆ ಕರೆಂಟು ಹೋಯ್ತು, ಬಂತು, ಮತ್ತೆ ಹೋಯ್ತು. ಸಿಪಿಯು ಯುಪಿಎಸ್ ಮೇಲಿತ್ತು. ಮಾನಿಟರ್ ನೇರ ಗೋಡೆಯ ಪಾಯಿಂಟಿಗೆ. ಆ ಹೋಗಿಬಂದ ಏಟಿಗೆ ಮಾನಿಟರಿಂದ ಸಣ್ಣ ವಾಸನೆ ಬಂತು. ಪಿನ್ನು ತೆಗೆದು ಯುಪಿಎಸ್‌ಗೆ ಹಾಕಿದ್ವಿ, ಉಸಿರಿಲ್ಲ. ಯುಪಿಎಸ್ ಕುಂಯ್ ಕುಂಯ್ ಅಂತ ಶುರು ಮಾಡ್ತು. ಅದರ ಬ್ಯಾಟರಿ ಎಷ್ಟು ಹೊತ್ತು ಅಂತ ನಮಗೆ ಗೊತ್ತು, ಹತ್ತು ನಿಮಿಷ ಹಿಡಿದ್ರೆ ಹೆಚ್ಚು. ಹುಡುಗಿ ಕತ್ತಲಲ್ಲೇ ಕಂಟ್ರೋಲ್ ಎಸ್ ಒತ್ತಿದ್ಲು. "ಒತ್ತಿದೀನಣ್ಣ, ಆಗಿದ್ಯೋ ಇಲ್ವೋ ಗೊತ್ತಾಗ್ತಿಲ್ಲ" ಅಂದ್ಲು. ಅವಳ ದನಿ ನಡುಗ್ತಿತ್ತು.

ಸಿಪಿಯು ಇಂಟರ್ನೆಟ್ಟಿಗೆ ಕಟ್ಟಿದ್ದು ನನ್ನ ಫೋನಿನ ಹಾಟ್‌ಸ್ಪಾಟಿಗೆ. ಅದರಿಂದ ಕರೆಂಟು ಹೋದ್ರೂ ಸಂಪರ್ಕ ಉಳಿದಿತ್ತು. ಫೋನಲ್ಲಿ ಟರ್ಮಕ್ಸ್ ಅನ್ನೋ ಆಪ್ ಇದೆ, ಕಂಪ್ಯೂಟರಲ್ಲಿ ಎಸ್‌ಎಸ್‌ಎಚ್ ಅನ್ನೋ ವ್ಯವಸ್ಥೆ ಮುಂಚೆಯೇ ಹಾಕಿಟ್ಟಿದ್ದೆ, ದೂರದಿಂದ ಪ್ರಿಂಟ್ ಕೊಡೋಕೆ. ಒಳಗೆ ಹೋದೆ. ಮೊದಲು ಎಲ್‌ಎಸ್ ಮೈನಸ್ ಎಲ್. ಫೈಲಿನ ಸಮಯ ಇನ್ನೂ ಸಂಜೆ ಆರು ಗಂಟೆಯದ್ದು. ಅಂದ್ರೆ ಕಂಟ್ರೋಲ್ ಎಸ್ ಒತ್ತಿದ್ದು ತಲುಪಿದ್ರೂ ಕೆಲಸ ಆಗಿಲ್ಲ.

ಯಾಕೆ? ಡಬ್ಲ್ಯುಎಂಸಿಟಿಎಲ್ ಮೈನಸ್ ಎಲ್ ಅಂತ ಕೇಳಿದೆ. ತೆರೆದಿರೋ ಕಿಟಕಿಗಳ ಹೆಸರು ಹೇಳೋ ಕಮಾಂಡು ಅದು. ಹೊರಗಿನಿಂದ ಕೇಳುವಾಗ ಯಾವ ಪರದೆ ಅಂತಲೂ ಹೇಳಬೇಕು, ಮುಂದೆ ಡಿಸ್‌ಪ್ಲೇ ಸೊನ್ನೆ ಅಂತ ಸೇರಿಸಬೇಕು. ಪರದೆ ಸತ್ತಿದ್ರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇದ್ದೇ ಇದೆ. ನಮ್ಮ ಹೇಳಿಕೆಗಳ ಫೈಲಿನ ಜೊತೆ ಇನ್ನೊಂದು ಸಣ್ಣ ಕಿಟಕಿ ಇತ್ತು. ವಕೀಲರಿಗೆ ವರ್ಡಲ್ಲಿ ಬೇಕು ಅಂತ ನಾವು ಫೈಲನ್ನ ಡಾಕ್ ರೂಪದಲ್ಲಿ ಇಟ್ಟಿದ್ವಲ್ಲ, ಲಿಬ್ರೆಆಫೀಸ್ ಮೊದಲ ಸಲ ಸೇವ್ ಮಾಡುವಾಗ ಕೇಳುತ್ತೆ: ಅದೇ ರೂಪದಲ್ಲಿ ಇಡಲೋ, ನನ್ನ ರೂಪಕ್ಕೆ ಬದಲಾಯಿಸಲೋ ಅಂತ. ಕಾಣದ ಪರದೆ ಮೇಲೆ ಪ್ರಶ್ನೆ ಕೇಳಿಕೊಂಡು ಉತ್ತರಕ್ಕೆ ಕಾಯ್ತಾ ಕೂತಿತ್ತು.

ಆಮೇಲೆ ಎಕ್ಸ್‌ಡೂಟೂಲ್. ಇದು ನಮ್ಮ ಕೈ ಬದಲಿಗೆ ಕೀಲಿ ಒತ್ತೋ ಪ್ರೋಗ್ರಾಮು. ಎಕ್ಸ್‌ಡೂಟೂಲ್ ಕೀ ರಿಟರ್ನ್ ಅಂತ ಬರೆದೆ, ಎಂಟರ್ ಒತ್ತಿದ ಹಾಗೆ. ಮತ್ತೆ ಎಲ್‌ಎಸ್. ಒಂಬತ್ತು ಹದಿನೈದು! ಫೈಲಿನ ಅಳತೆಯೂ ಹೆಚ್ಚಾಗಿದೆ. ಅಲ್ಲಿಂದಲೇ ಎಸ್‌ಸಿಪಿಯಲ್ಲಿ ಒಂದು ಪ್ರತಿ ಫೋನಿಗೆ ತಗೊಂಡೆ, ತೆರೆದು ಆ ಅವ್ವನ ಹೇಳಿಕೆಯ ಕೊನೇ ಸಾಲು ಇದೆಯಾ ಅಂತ ಹುಡುಗಿಗೆ ತೋರಿಸಿದೆ. ಇತ್ತು. ಪವರ್‌ಆಫ್ ಅಂತ ಬರೆದು ಮಷೀನನ್ನ ಮರ್ಯಾದೆಯಿಂದ ಮಲಗಿಸಿದ್ವಿ. ಹೊರಗೆ ಜಗಲಿ ಮೇಲೆ ಕೂತಿದ್ದ ತಾತ ಕೇಳಿದ್ರು, "ಏನ್ಲಾ, ಇನ್ನೊಂದ್ ಸತಿ ಯೋಳ್ಬೇಕಾ?" ಬೇಡ ತಾತ ಅಂದೆ. ಅಷ್ಟೇ.

ಬೆಳಿಗ್ಗೆ ಕರೆಂಟು ಬಂದ ಮೇಲೆ, ಮಾನಿಟರ್ ಇಲ್ಲದೇನೇ ಹೆಡ್‌ಲೆಸ್‌ನಲ್ಲಿ ಪಿಡಿಎಫ್ ಮಾಡಿ ಪ್ರಿಂಟ್ ತೆಗೆದು, ಮಧ್ಯಾಹ್ನದೊಳಗೆ ಎಲ್ಲರ ಸಹಿ, ಹೆಬ್ಬೆಟ್ಟು ಆಗಿ, ಉಪವಿಭಾಗಾಧಿಕಾರಿ ಕಚೇರಿಯ ಟಪ್ಪಾಲಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡ್ವಿ.

ಈ ಎಕ್ಸ್‌ಡೂಟೂಲ್ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ: ಆಪತ್ತಿಗೆ ಸರಿ, ದಿನಬಳಕೆಗೆ ಬೇಡ. ಅದು ಕುರುಡಾಗಿ ಕೀಲಿ ಒತ್ತುತ್ತೆ, ಮುಂದೆ ಯಾವ ಕಿಟಕಿ ಇದ್ರೂ ಅದಕ್ಕೇ ಬೀಳುತ್ತೆ. ಮೇಲಾಗಿ ಹೊಸ ಉಬುಂಟುಗಳಲ್ಲಿ ವೇಲ್ಯಾಂಡ್ ಅನ್ನೋ ಬೇರೆ ಪರದೆ ವ್ಯವಸ್ಥೆ ಬಂದಿದೆ, ಅಲ್ಲಿ ಎಕ್ಸ್‌ಡೂಟೂಲ್ ನೆಟ್ಟಗೆ ನಡೆಯಲ್ಲ. ಪ್ರೋಗ್ರಾಮೇ ಇಟ್ಟಿರೋ ಬಾಗಿಲಿದ್ರೆ ಅದನ್ನೇ ಬಳಸಿ. ವಿಎಲ್‌ಸಿಯಂಥ ಹಾಡು ಹಾಕೋ ಪ್ರೋಗ್ರಾಮುಗಳಿಗೆ ಪ್ಲೇಯರ್‌ಸಿಟಿಎಲ್ ಅಂತ ಇದೆ. ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ಭಾಷಣಕಾರರು ಮೈಕ್ ಹಿಡಿದ ಮೇಲೂ ಹಾಡು ನಿಲ್ಲದೆ, ಹುಡುಗರು ವೇದಿಕೆ ಹಿಂದಕ್ಕೆ ಓಡೋದು ನೋಡಿದ್ದೀರಲ್ಲ? ಪ್ಲೇಯರ್‌ಸಿಟಿಎಲ್ ಪಾಸ್, ಫೋನಿಂದಲೇ, ಮುಂದಿನ ಸಾಲಲ್ಲಿ ಕೂತುಕೊಂಡೇ. ವಿಂಡೋಸ್ ಇರೋರು ಬೇಜಾರಾಗಬೇಡಿ. ಅಲ್ಲೂ ಪವರ್‌ಶೆಲ್‌ನಿಂದ ತೆರೆದಿರೋ ವರ್ಡನ್ನ, ಎಕ್ಸೆಲನ್ನ ಮಾತಾಡಿಸಬಹುದು.

ನನಗೆ ಇದರಲ್ಲಿ ಹಿಡಿಸಿದ್ದು ಅಪ್ಪಣೆ ಕೊಡೋದಲ್ಲ, ಉತ್ತರ ಸಿಗೋದು. ಟರ್ಮಿನಲಲ್ಲಿ ಕೆಲಸ ಸರಿಯಾಗಿ ಆದ್ರೆ ಸಾಮಾನ್ಯವಾಗಿ ಅದು ಏನೂ ಹೇಳಲ್ಲ. ಆಗದಿದ್ರೆ ಹೇಳುತ್ತೆ. ಅನುಮಾನ ಇದ್ರೆ ಹಿಂದಿನ ಕಮಾಂಡಿನ ಫಲ ಏನು ಅಂತ ಕೇಳಬಹುದು, ಸೊನ್ನೆ ಅಂದ್ರೆ ಆಗಿದೆ, ಬೇರೆ ಅಂಕಿ ಅಂದ್ರೆ ಆಗಿಲ್ಲ. ನಮ್ಮ ಕಚೇರಿಗಳಲ್ಲಿ ಉಲ್ಟಾ. ಅಲ್ಲಿ ಮೌನ ಅಂದ್ರೆ ಆಗಿಲ್ಲ ಅಂತ. ಮಾಹಿತಿ ಹಕ್ಕಿನಲ್ಲಿ 30 ದಿನ ಅಂತ ಕಾನೂನಿದೆ, ಆದ್ರೂ ನಮ್ಮವರ ಅರ್ಜಿಗೆ ಹಿಂಬರಹ ತೆಗೆಸೋಕೆ ಎಷ್ಟು ಸಲ ಅಲೆಯಬೇಕು ಅಂತ ಮೇಜಿನ ಎರಡೂ ಕಡೆ ನಿಂತು ನೋಡಿದವನು ನಾನು. ಒಂದು ಸಾಲು ಬರೆದು ಎಂಟರ್ ಒತ್ತಿದ ತಕ್ಷಣ, ನೀನು ಯಾರು, ಯಾವ ಊರು, ಯಾರ ಕಡೆಯವನು ಅಂತ ಕೇಳದೆ ಹೌದು ಅಥವಾ ಇಲ್ಲ ಅನ್ನೋ ಉತ್ತರ ಕೊಡೋ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅದು ಕೇಳೋದು ಒಂದೇ, ಪಾಸ್‌ವರ್ಡು.

1917ರಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಜವಾನರು ಅವರ ಮೇಜಿನ ಮೇಲೆ ಕಡತಗಳನ್ನ ದೂರದಿಂದ ಎಸೀತಿದ್ರು ಅನ್ನೋದನ್ನ ನಾವೆಲ್ಲ ಓದಿದ್ದೀವಿ. ಕಡತ ಅಂದ್ರೆ ನನಗೆ ಈಗಲೂ ಅದು ನೆನಪಾಗುತ್ತೆ. ಇವತ್ತು ಯಾರೂ ಎಸೆಯಲ್ಲ, ನಿಜ. ಆದ್ರೆ ನಾನು ಟರ್ಮಿನಲ್ ತೆರೆದಾಗ ಹಿಂದೆ ನಿಂತು, "ನಿಮಗ್ಯಾಕ್ರೀ ಇದೆಲ್ಲ, ಇಂಜಿನಿಯರುಗಳ ಕೆಲಸ" ಅಂದವರಿದ್ದಾರೆ. ಬಿಎ ಮಾಡಿದ್ದಕ್ಕೆ ಹಂಗಂದ್ರೋ, ಬೇರೆ ಯಾವುದಕ್ಕೋ ಅಂತ ನಾನು ಕೇಳಲಿಲ್ಲ. ನಮಗೆ ಕೆಲವು ದನಿಗಳು ಕೇಳಿದ ತಕ್ಷಣ ಗೊತ್ತಾಗುತ್ತೆ.

ಇನ್ನೆರಡು ಮಾತು, ಕೆಲಸಕ್ಕೆ ಬೇಕಾದದ್ದು. ಒಂದು, ನುಡಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡೋದು ಬಿಡಿ. ಅದರಲ್ಲಿ ಕಣ್ಣಿಗೆ ಕನ್ನಡ ಕಂಡರೂ ಫೈಲಿನೊಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಮಾಂಡಿನಲ್ಲಿ "ಸಾಗುವಳಿ ಚೀಟಿ" ಅಂತ ಹುಡುಕಿದ್ರೆ ಸಿಗಲ್ಲ. ಯೂನಿಕೋಡಲ್ಲಿದ್ರೆ, ಪಠ್ಯದ ಫೈಲುಗಳಲ್ಲಿ ಗ್ರೆಪ್ ಅನ್ನೋ ಕಮಾಂಡಿಗೆ ಸರ್ವೆ ನಂಬರ್ ಕೊಟ್ಟರೆ, ಅದು ಯಾವ್ಯಾವ ಮನೆಯ ಹೇಳಿಕೆಯಲ್ಲಿ ಬಂದಿದೆ ಅಂತ ಕಣ್ಣು ಮಿಟುಕಿಸೋದ್ರೊಳಗೆ ತೋರಿಸುತ್ತೆ. ಒಂದೇ ಸರ್ವೆ ನಂಬರಿನಲ್ಲಿ ಎರಡು ಕುಟುಂಬ ಇರೋದು ನಮಗೆ ಹಂಗೇ ಗೊತ್ತಾದದ್ದು. ಎರಡು, ಈ ಬಾಗಿಲುಗಳನ್ನ ಊರಿಗೆಲ್ಲ ತೆರೆದಿಡಬೇಡಿ. ಲಿಬ್ರೆಆಫೀಸಿಗೆ ಸಾಕೆಟ್ ತೆರೆದು ಕೆಲಸ ಹೇಳೋ ವಿಧಾನ ಇದೆ, ಪೈಥಾನ್ ಬಲ್ಲ ಹುಡುಗರು ಅದನ್ನ ಮಾಡ್ತಾರೆ. ಮಾಡುವಾಗ ಲೋಕಲ್‌ಹೋಸ್ಟ್ ಅಂತಲೇ ಇಡಿ. ಇಲ್ಲದಿದ್ರೆ ಅದೇ ವೈಫೈಯಲ್ಲಿರೋ ಯಾರು ಬೇಕಾದ್ರೂ ನಿಮ್ಮ ಕಡತಕ್ಕೆ ಕೈ ಹಾಕಬಹುದು. ಎಸ್‌ಎಸ್‌ಎಚ್ ಪಾಸ್‌ವರ್ಡು ಜೈಭೀಮ್ 123 ಅಂತ ಇಟ್ಟಿರೋರು ಇವತ್ತೇ ಬದಲಾಯಿಸಿ, ಯಾರು ಅಂತ ನಾನು ಹೇಳಲ್ಲ. ಡಿಟಿಪಿ ಅಂಗಡಿಯಿಂದ ತಪ್ಪಿಸಿಕೊಂಡು ಬಂದದ್ದು ಇನ್ನೊಂದು ಕಿಂಡಿಯಿಂದ ಸೋರಿಹೋಗೋಕಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆಯಲ್ಲಿ ಇದನ್ನೆಲ್ಲ ಮಾಡಿ ತೋರಿಸ್ತೀವಿ. ಹೇಳಿಕೊಡೋಳು ನಾನಲ್ಲ, ಅದೇ ಹುಡುಗಿ. ನನಗಿಂತ ಚೆನ್ನಾಗಿ ಕಲ್ತಿದ್ದಾಳೆ. ಫೋನು ಚಾರ್ಜ್ ಮಾಡ್ಕೊಂಡು ಬನ್ನಿ, ಟರ್ಮಕ್ಸ್ ಮೊದಲೇ ಹಾಕ್ಕೊಂಡಿದ್ರೆ ಒಳ್ಳೇದು. ಹೆಣ್ಣುಮಕ್ಕಳು ಮುಂದಿನ ಸಾಲಲ್ಲಿ ಕೂರಬೇಕು, ಹಿಂದೆ ನಿಂತು ನೋಡೋದು ಬೇಡ. ಮತ್ತೆ, ಯಾರ ಮನೇಲಾದ್ರೂ ನಡೆಯೋ ಹಳೇ ಮಾನಿಟರ್ ಸುಮ್ನೆ ಬಿದ್ದಿದ್ರೆ ತಿಳಿಸಿ, ಆಟೋ ಖರ್ಚು ಸಂಘದ್ದು.